ಯಂತ್ರ ಹೇಳುವ ಸಂಖ್ಯೆಯನ್ನು ಕೇಳುವವರು ಯಾರು?



ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳಲ್ಲಿ ಇಂದು ಔಷಧದ ಡಬ್ಬಿಯ ಪಕ್ಕದಲ್ಲೇ ಒಂದು ಬಿಪಿ ಯಂತ್ರವೋ ಗ್ಲುಕೋಮೀಟರೋ ಕಾಣಸಿಗುತ್ತದೆ. ಗಲ್ಫಿನಲ್ಲಿ ದುಡಿಯುವ ಮಗನೋ, ಬೆಂಗಳೂರಿನಲ್ಲಿರುವ ಮಗಳೋ ರಜೆಗೆ ಬಂದಾಗ ಪ್ರೀತಿಯಿಂದ ತಂದುಕೊಟ್ಟದ್ದು. ಅಮ್ಮ ಬೆಳಿಗ್ಗೆ ಅಳೆದು, ಅದರ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳುಹಿಸುತ್ತಾರೆ. ಅತ್ತ ಕಡೆಯಿಂದ ಎತ್ತಿದ ಹೆಬ್ಬೆರಳಿನ ಚಿತ್ರವೊಂದು ಬರುತ್ತದೆ. ಅಲ್ಲಿಗೆ ಮುಗಿಯಿತು. ಆ ಸಂಖ್ಯೆ ಹೆಚ್ಚಾಗಿತ್ತೇ, ಗುಳಿಗೆ ಬದಲಿಸಬೇಕಿತ್ತೇ ಎಂದು ಕೇಳುವವರು ಯಾರೂ ಇಲ್ಲ.

ಇದು ನಾಲ್ಕಾರು ಮನೆಗಳ ಮಾತಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10.1 ಕೋಟಿ, ಅಧಿಕ ರಕ್ತದೊತ್ತಡ ಇರುವವರು 31.5 ಕೋಟಿ. ಇವು ಜ್ವರದಂತೆ ಬಂದು ಹೋಗುವ ಕಾಯಿಲೆಗಳಲ್ಲ. ನೋವಿಲ್ಲದೆ ವರ್ಷಗಟ್ಟಲೆ ಜೊತೆಗಿದ್ದು ಮೂತ್ರಪಿಂಡ, ಕಣ್ಣು, ಹೃದಯ, ಮೆದುಳನ್ನು ಸವೆಸುತ್ತವೆ. ವೈದ್ಯರನ್ನು ನಾವು ಕಾಣುವುದು ಎರಡು ಮೂರು ತಿಂಗಳಿಗೊಮ್ಮೆ, ಕೆಲವೇ ನಿಮಿಷ. ಉಳಿದ ದಿನಗಳೆಲ್ಲ ಮನೆಯಲ್ಲೇ ಕಳೆಯುತ್ತವೆ. ಆ ದಿನಗಳ ಸುದ್ದಿಯನ್ನು ವೈದ್ಯರಿಗೆ ಮುಟ್ಟಿಸುವುದೇ ಈ ಡಿಜಿಟಲ್ ಉಪಕರಣಗಳಿಂದ ಆಗಬೇಕಾದ ಕೆಲಸ.

ಇವುಗಳಿಂದ ನಿಜವಾಗಿ ಪ್ರಯೋಜನವಿದೆಯೇ? ಇದೆ, ಆದರೆ ಎಲ್ಲ ಕಡೆಯೂ ಇಲ್ಲ. ಚೆನ್ನೈಯ ಡಾಕ್ಟರ್ ಎ. ರಾಮಚಂದ್ರನ್ ಮತ್ತು ಸಂಗಡಿಗರು ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 537 ಮಂದಿ ದುಡಿಯುವ ಗಂಡಸರನ್ನು ಎರಡು ವರ್ಷ ಗಮನಿಸಿದರು. ಎಲ್ಲರಿಗೂ ಮೊದಲು ಎದುರಿಗೆ ಕೂರಿಸಿ ಊಟ, ನಡಿಗೆಯ ಬಗ್ಗೆ ತಿಳಿಹೇಳಲಾಯಿತು. ಅರ್ಧದಷ್ಟು ಜನರಿಗೆ ಅದರ ಜೊತೆಗೆ ಮೊಬೈಲಿಗೆ ಆಗಾಗ ಎಸ್‌ಎಂಎಸ್ ಕಳುಹಿಸಲಾಯಿತು. 2013ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಎಸ್‌ಎಂಎಸ್ ಪಡೆಯದವರಲ್ಲಿ ನೂರಕ್ಕೆ 27 ಮಂದಿಗೆ ಸಕ್ಕರೆ ಕಾಯಿಲೆ ಬಂತು, ಪಡೆದವರಲ್ಲಿ 18 ಮಂದಿಗೆ. ಸಾಮಾನ್ಯ ಮೊಬೈಲಿನಿಂದ ಇಷ್ಟಾಯಿತೆಂದರೆ ಸಣ್ಣ ಮಾತಲ್ಲ.

ಆದರೆ ನಮ್ಮ ಧರ್ಮಸಭೆಯದೇ ಆದ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರೂ ಸೇರಿ ನಡೆಸಿದ ಇನ್ನೊಂದು ಅಧ್ಯಯನ ಬೇರೆಯೇ ಪಾಠ ಕಲಿಸಿತು. ಎಚ್‌ಐವಿಗೆ ಔಷಧ ಆರಂಭಿಸಿದ ದಕ್ಷಿಣ ಭಾರತದ 631 ಜನರಲ್ಲಿ ಒಂದು ಗುಂಪಿಗೆ ಪ್ರತಿ ವಾರ ಕಂಪ್ಯೂಟರಿನಿಂದ ಜ್ಞಾಪನೆಯ ಕರೆ ಹೋಗುತ್ತಿತ್ತು. 2014ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಕರೆ ಬಂದವರಿಗೂ ಬಾರದವರಿಗೂ ಔಷಧದ ಯಶಸ್ಸಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಮುಂದೆ ಕರ್ನಾಟಕ ಮತ್ತು ಹರಿಯಾಣದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಎಂವೆಲ್‌ಕೇರ್ ಎಂಬ ಪ್ರಯೋಗ ನಡೆಯಿತು. ಅರ್ಧ ಕೇಂದ್ರಗಳ ನರ್ಸ್‌ಗಳಿಗೆ ಚಿಕಿತ್ಸೆಯ ಸಲಹೆ ನೀಡುವ ಟ್ಯಾಬ್ಲೆಟ್ ಕೊಡಲಾಯಿತು. ಉಳಿದ ಕೇಂದ್ರಗಳಲ್ಲಿ ಟ್ಯಾಬ್ಲೆಟ್ ಇಲ್ಲದಿದ್ದರೂ ಸಿಬ್ಬಂದಿಗೆ ತರಬೇತಿ ಸಿಕ್ಕಿತ್ತು. ಒಂದು ವರ್ಷದಲ್ಲಿ ಎರಡೂ ಕಡೆ ಮೇಲಿನ ಬಿಪಿ ಸುಮಾರು 13 ಅಂಕ ಇಳಿಯಿತು, ಹೆಚ್ಚುಕಡಿಮೆ ಒಂದೇ ಸಮನಾಗಿ! ತರಬೇತಿ ಪಡೆದ ನರ್ಸ್ ಕುಳಿತು ವಿಚಾರಿಸಿದ್ದೇ ಫಲ ಕೊಟ್ಟಿತು ಎಂದು ನಮಗನ್ನಿಸುತ್ತದೆ.

ಹಾಗಾದರೆ ಯಂತ್ರ ಬೇಡವೇ? ಬೇಕು, ಮನುಷ್ಯರನ್ನು ಮನುಷ್ಯರ ಬಳಿಗೆ ಕಳುಹಿಸುವ ಯಂತ್ರ ಬೇಕು. ಭಾರತದಲ್ಲಿ 2017ರಲ್ಲಿ ಆರಂಭವಾದ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದಲ್ಲಿ ಹಲವು ಕಡೆ ಸಿಂಪಲ್ ಎಂಬ ಆ್ಯಪ್ ಬಳಕೆಗೆ ಬಂತು. ಹೆಸರಿನಂತೆಯೇ ಸರಳವಾದದ್ದು. ನರ್ಸ್ ರೋಗಿಯ ಬಿಪಿ ಮತ್ತು ಔಷಧವನ್ನು ಮೊಬೈಲಿನಲ್ಲಿ ದಾಖಲಿಸುತ್ತಾರೆ. ಬರಬೇಕಾದ ದಿನ ಬಾರದವರ ಪಟ್ಟಿಯನ್ನು ಆ್ಯಪ್ ತಾನೇ ತೋರಿಸುತ್ತದೆ. ನರ್ಸ್ ಅವರಿಗೆ ಫೋನ್ ಮಾಡಿ, "ಯಾಕೆ ಬರಲಿಲ್ಲ? ಮಾತ್ರೆ ಮುಗಿದಿಲ್ಲವೇ?" ಎಂದು ಕೇಳಬಹುದು. ಇದನ್ನು ಓದುವಾಗ ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಒಂದನ್ನು ಹುಡುಕಹೋದ ಕುರುಬನ ಸಾಮತಿ ನಮಗೆ ನೆನಪಾದರೆ ಆಶ್ಚರ್ಯವಿಲ್ಲ.

ಇನ್ನು ಮನೆಯ ಮಾತಿಗೆ ಬರೋಣ. ತಪ್ಪಾಗಿ ಅಳೆದ ಸಂಖ್ಯೆ ವೈದ್ಯರನ್ನೂ ದಾರಿ ತಪ್ಪಿಸುತ್ತದೆ. ಬಿಪಿ ನೋಡುವ ಮೊದಲು ಅರ್ಧ ಗಂಟೆ ಕಾಫಿ, ಬೀಡಿ ಬೇಡ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಧಾರವಿರುವ ಕುರ್ಚಿಯಲ್ಲಿ ಕಾಲು ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಬೇಕು. ಪಟ್ಟಿಯನ್ನು ಬರಿಯ ತೋಳಿಗೆ ಸುತ್ತಿ, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಡಬೇಕು. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ ಎರಡನ್ನೂ ಬರೆಯಬೇಕು. ಮನೆಯಲ್ಲಿ ಸರಾಸರಿ 135/85 ದಾಟುತ್ತಿದ್ದರೆ ವೈದ್ಯರಿಗೆ ತಿಳಿಸಬೇಕು. 180/120 ಮೀರಿ ಎದೆನೋವು, ಉಸಿರಾಟದ ತೊಂದರೆ, ಮಾತಿನ ತೊದಲಿಕೆ ಇದ್ದರೆ ಮಗನ ಉತ್ತರಕ್ಕೆ ಕಾಯದೆ 108ಕ್ಕೆ ಕರೆಮಾಡಬೇಕು. ಗ್ಲುಕೋಮೀಟರಿಗೆ ಬೆರಳು ಚುಚ್ಚುವ ಮುನ್ನ ಕೈ ತೊಳೆದು ಒರೆಸಿಕೊಳ್ಳಬೇಕು. ಹಣ್ಣು ಸುಲಿದ ಕೈಯಲ್ಲಿ ನೋಡಿದರೆ ಹಣ್ಣಿನ ಸಕ್ಕರೆಯೂ ಲೆಕ್ಕಕ್ಕೆ ಸೇರುತ್ತದೆ. ಸಂಖ್ಯೆ 70ಕ್ಕಿಂತ ಕೆಳಗಿಳಿದರೆ ಕೂಡಲೇ ಸಕ್ಕರೆ ಕಲಸಿದ ನೀರು ಕುಡಿದು ಕಾಲು ಗಂಟೆಯ ನಂತರ ಮತ್ತೆ ನೋಡಬೇಕು.

ಮಾರುಕಟ್ಟೆಯ ಆಮಿಷಗಳ ಬಗ್ಗೆಯೂ ಒಂದು ಮಾತು. ಚುಚ್ಚದೆಯೇ ಶುಗರ್ ಹೇಳುತ್ತದೆ ಎಂದು ಕೈಗಡಿಯಾರ, ಉಂಗುರಗಳನ್ನು ಮಾರುವವರಿದ್ದಾರೆ. ಅಂತಹ ಯಾವ ಗಡಿಯಾರಕ್ಕೂ ಉಂಗುರಕ್ಕೂ ತಾನು ಮಾನ್ಯತೆ ನೀಡಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಫೆಬ್ರವರಿಯಲ್ಲಿ ಎಚ್ಚರಿಸಿತು. ಅದನ್ನು ನಂಬಿ ಇನ್ಸುಲಿನ್ ಹೆಚ್ಚು ಮಾಡಿಕೊಂಡರೆ ಜೀವಕ್ಕೇ ಅಪಾಯ. ತೋಳಿಗೆ ಅಂಟಿಸುವ ಸಂವೇದಕದ ಮಾತು ಬೇರೆ. ಅದರ ಸಣ್ಣ ಎಳೆ ಚರ್ಮದೊಳಗೆ ಇದ್ದು ನಿಜವಾಗಿಯೇ ಅಳೆಯುತ್ತದೆ. ಆದರೆ ದುಬಾರಿ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ ಕೊಳ್ಳುವುದು ಲೇಸು.

ದೂರದ ಊರಿನವರು, ಬಸ್ಸು ಹತ್ತಲಾಗದ ಹಿರಿಯರು ಮನೆಯಿಂದಲೇ ವೈದ್ಯರೊಡನೆ ಮಾತನಾಡಲು ಕೇಂದ್ರ ಸರ್ಕಾರದ ಇ-ಸಂಜೀವಿನಿ 2020ರಿಂದ ಉಚಿತವಾಗಿ ದೊರೆಯುತ್ತಿದೆ. ಮೊಬೈಲ್ ಬಳಸಲು ಬಾರದ ಅಜ್ಜ ಅಜ್ಜಿಯರ ಪಕ್ಕದಲ್ಲಿ ಮನೆಯ ಹುಡುಗರೋ ಹುಡುಗಿಯರೋ ಹದಿನೈದು ನಿಮಿಷ ಕುಳಿತರೆ ಸಾಕು. ಸಂಖ್ಯೆಗಳನ್ನು ಬರೆದಿಟ್ಟ ಪುಸ್ತಕ ಆಗ ಎದುರಿಗಿರಲಿ. ಹಬ್ಬದ ಮರುದಿನ ಮಾತ್ರ ಗ್ಲುಕೋಮೀಟರನ್ನು ಮುಟ್ಟದೆ ಇರುವವರು ನಮ್ಮಲ್ಲಿ ಬಹಳ ಮಂದಿ! ಕೇಕು, ಹಂದಿ ಮಾಂಸದ ಊಟ ಮುಗಿಸಿ ಎರಡು ದಿನ ಪಥ್ಯ ಮಾಡಿ, ಆಮೇಲೆ ನೋಡಿದ ಒಳ್ಳೆಯ ಸಂಖ್ಯೆಯನ್ನಷ್ಟೇ ಬರೆಯುತ್ತಾರೆ. ವೈದ್ಯರಿಗೆ ಹಬ್ಬದ ಮರುದಿನದ ಸಂಖ್ಯೆಯೂ ಬೇಕು.