ಪಹಾಡಗಂಜಿನಲ್ಲಿ ಮೂರು ರಾತ್ರಿ

ಊರಿನಿಂದ ಬಂದ ನೆಂಟರು ನಮ್ಮ ಮನೆಯಲ್ಲಿ ಇಳಿಯದೆ ಹೊಟೆಲಿನಲ್ಲಿ ಇಳಿದರೆಂದರೆ, ದಿಲ್ಲಿಯ ಕನ್ನಡಿಗರಿಗೆ ಅದಕ್ಕಿಂತ ದೊಡ್ಡ ಅವಮಾನ ಬೇರೊಂದಿಲ್ಲ. ಮನೆ ಎರಡೇ ಕೋಣೆಯದಿರಲಿ, ನಲ್ಲಿಯಲ್ಲಿ ನೀರು ಬೆಳಿಗ್ಗೆ ಒಂದು ತಾಸು ಮಾತ್ರ ಬರಲಿ, ನೆಂಟರಿಗೆ ಮಂಚ ಬಿಟ್ಟುಕೊಟ್ಟು ನಾವು ನಡುಮನೆಯಲ್ಲಿ ಚಾಪೆ ಹಾಸಿಕೊಳ್ಳುವುದೇ ನಮಗೆ ಗೌರವ. ಹೀಗಿರುವಾಗ ಕುಮಟೆಯಿಂದ ನಮ್ಮ ತಮ್ಮನ ಮಗಳು ಫೋನು ಮಾಡಿ, "ದೊಡ್ಡಪ್ಪ, ಹಿಮಾಚಲಕ್ಕೆ ಹೋಗುವ ಮೊದಲು ಮೂರು ರಾತ್ರಿ ದಿಲ್ಲಿಯಲ್ಲಿ ಇರ್ತೇನೆ, ಪಹಾಡಗಂಜಿನಲ್ಲಿ ಒಂದು ಹಾಸಿಗೆ ಗೊತ್ತು ಮಾಡಿಕೊಂಡಿದ್ದೇನೆ" ಎಂದಾಗ ನಮ್ಮ ನೊಯ್ಡಾದ ಮನೆಯಲ್ಲಿ ಏನಾಗಿರಬಹುದೆಂದು ವಾಚಕರೇ ಊಹಿಸಿಕೊಳ್ಳಲಿ.

"ಒಂದು ಕೋಣೆಯಲ್ಲವಂತೆ, ಒಂದು ಹಾಸಿಗೆಯಂತೆ!" ಎಂದು ನಮ್ಮ ಮನೆಯಾಕೆ ಒಲೆಯ ಮುಂದೆಯೇ ನಿಂತುಬಿಟ್ಟರು. "ನಮ್ಮ ಮನೆಯ ಅನ್ನ ಆ ಹುಡುಗಿಗೆ ಕಹಿಯಾಯಿತೆ?" ಸಂಜೆ ತಮ್ಮನ ಫೋನೂ ಬಂತು. "ಅಣ್ಣ, ನನ್ನ ಮಾತು ಕೇಳುವುದಿಲ್ಲ. ನೀನೇ ಹೋಗಿ ಕರಕೊಂಡು ಬಾ." ಹುಡುಗಿಗೆ ಇಪ್ಪತ್ನಾಲ್ಕು ವರ್ಷ, ಬೆಂಗಳೂರಿನಲ್ಲಿ ಕೆಲಸ. ಆದರೂ ಜವಾಬ್ದಾರಿ ನಮ್ಮ ಹೆಗಲಿಗೆ ಬಿತ್ತು.

ನಮಗೆ ಆ ಹೆಸರು ಕೇಳಿದರೆ ಅಳುಕಲು ಎರಡು ಕಾರಣಗಳಿದ್ದುವು. ಮೊದಲನೆಯದು ಸ್ವಂತದ್ದು. 1982ರಲ್ಲಿ, ದಿಲ್ಲಿಯಲ್ಲಿ ಏಷ್ಯನ್ ಕ್ರೀಡೆಗಳು ನಡೆದ ವರ್ಷ, ನಾವು ಗುಮಾಸ್ತೆಯ ಕೆಲಸದ ಹುಕುಂ ಕಿಸೆಯಲ್ಲಿಟ್ಟುಕೊಂಡು ಅಂದಿನ ಕೆ.ಕೆ. ಎಕ್ಸ್‌ಪ್ರೆಸ್ಸಿನಿಂದ ಹೊಸ ದಿಲ್ಲಿ ಸ್ಟೇಷನ್ನಿನಲ್ಲಿ ಇಳಿದೆವು. ಟ್ರಂಕು, ಹಾಸಿಗೆಯ ಸುರುಳಿ, ಒಂದು ಡಬ್ಬ ಚಟ್ನಿಪುಡಿ. ಹೊರಗೆ ಬಂದೊಡನೆ ಒಬ್ಬ ಮಹಾಶಯ, ನಾವು ಹೋಗಬೇಕೆಂದಿದ್ದ ವಸತಿಗೃಹ ಮುಚ್ಚಿದೆಯೆಂದು ಬಹಳ ದುಃಖದಿಂದ ತಿಳಿಸಿ, ನಮ್ಮ ಟ್ರಂಕನ್ನು ತಾನೇ ಹೊತ್ತು ಪಹಾಡಗಂಜಿನ ಒಂದು ಗಲ್ಲಿಯೊಳಗೆ ಕರೆದೊಯ್ದ. ರಾತ್ರಿ ಹದಿನೈದು ರೂಪಾಯಿಯೆಂದ ಕೋಣೆಗೆ ಬೆಳಿಗ್ಗೆ ನಲವತ್ತೈದಾಯಿತು. ನಮ್ಮ ತಿಂಗಳ ಮೂಲವೇತನವೇ 260 ರೂಪಾಯಿ! ಬಾಗಿಲಲ್ಲಿ ನಿಂತು ಕನ್ನಡದಲ್ಲಿ ಶಪಿಸುತ್ತಿದ್ದ ನಮ್ಮನ್ನು ಕೇಳಿಸಿಕೊಂಡು, ಹಾದಿಯಲ್ಲಿ ಹೋಗುತ್ತಿದ್ದ ಧಾರವಾಡದ ಕಡೆಯ ಹಿರಿಯರೊಬ್ಬರು ನಿಂತರು. "ಯಾವೂರೋ ತಮ್ಮಾ?" ಎಂದರು. ಅಷ್ಟೇ. ಹದಿಮೂರು ದಿನ ಅವರ ಸರಕಾರಿ ಕ್ವಾರ್ಟರ್ಸಿನಲ್ಲಿ ರೊಟ್ಟಿ ತಿಂದೆವು.

ಎರಡನೆಯ ಕಾರಣ ದಿಲ್ಲಿಯವರೆಲ್ಲರದ್ದು. 2005ರ ಅಕ್ಟೋಬರ್ 29, ದೀಪಾವಳಿಗೆ ಮೂರು ದಿನ ಮುಂಚಿನ ಶನಿವಾರ. ಸಂಜೆ ಪಹಾಡಗಂಜಿನ ಮೇನ್ ಬಜಾರಿನಲ್ಲಿ, ಸರೋಜಿನಿ ನಗರದಲ್ಲಿ, ಗೋವಿಂದಪುರಿಯ ಬಸ್ಸಿನಲ್ಲಿ ಬಾಂಬುಗಳು ಸಿಡಿದುವು. ಮೂರು ಕಡೆಗಳಲ್ಲಿ ಸೇರಿ 60ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅಂದಿನಿಂದ ನಮ್ಮ ಮನೆಯಾಕೆ ಆ ಬೀದಿಗೆ ಕಾಲಿಟ್ಟಿರಲಿಲ್ಲ.

ಹುಡುಗಿ ಬಂದ ದಿನ ಸಂಜೆ ನಾವಿಬ್ಬರೂ ನೊಯ್ಡಾದಲ್ಲಿ ನೀಲಿ ಮಾರ್ಗದ ಮೆಟ್ರೋ ಹತ್ತಿದೆವು. ಕೈಯಲ್ಲಿ ಬುತ್ತಿ, ಮನಸ್ಸಿನಲ್ಲಿ ಆಕೆಗೆ ಹೇಳಬೇಕಾದ ಬುದ್ಧಿವಾದ. ರಾಮಕೃಷ್ಣ ಆಶ್ರಮ ಮಾರ್ಗದ ನಿಲ್ದಾಣದಲ್ಲಿ ಇಳಿದರೆ ಬೀದಿಯ ಪಶ್ಚಿಮದ ತುದಿ ಹತ್ತಿರ. ಅಲ್ಲಿಂದ ಪೂರ್ವಕ್ಕೆ ನಡೆಯುತ್ತ ಹೋದರೆ ಹೊಸ ದಿಲ್ಲಿ ರೈಲ್ವೆ ಸ್ಟೇಷನ್ನಿನ ಎದುರಿಗೇ ಮುಗಿಯುತ್ತದೆ. ದಾರಿಯಲ್ಲಿ ಛೇ ತೂಟಿ ಚೌಕ, ಎಂದರೆ ಆರು ನಲ್ಲಿಗಳ ಚೌಕ. ತರಕಾರಿಯ ಗಾಡಿ, ಧೂಪದ ಅಂಗಡಿ, ಚರ್ಮದ ಚೀಲ, ಬೆಳ್ಳಿಯ ಸರ, ನೋಟು ಬದಲಾಯಿಸುವವನ ಗೂಡು, ಅದರ ಮೇಲೊಂದು ಅತಿಥಿಗೃಹ, ಅದರ ಮೇಲೊಂದು ತಾರಸಿಯ ಉಪಾಹಾರ ಮಂದಿರ. ಫಲಕಗಳಲ್ಲಿ ಹಿಂದಿ, ಇಂಗ್ಲಿಷು ಮಾತ್ರವಲ್ಲದೆ ಹೀಬ್ರೂ, ರಷ್ಯನ್, ಕೊರಿಯನ್ ಅಕ್ಷರಗಳು. ಸೈಕಲ್ ರಿಕ್ಷಾ, ಹಸು, ಮೋಟಾರ್ ಸೈಕಲ್ಲುಗಳ ನಡುವೆ ಬೆನ್ನ ಮೇಲೆ ತಮ್ಮಷ್ಟೇ ಎತ್ತರದ ಚೀಲ ಹೊತ್ತ ಬಿಳಿಯ ಮಕ್ಕಳು ನಮ್ಮೂರ ತೇರಿನಂತೆ ಓಲಾಡುತ್ತ ನಡೆಯುತ್ತಿದ್ದರು.

ಈ ಬೀದಿ ಹೀಗಾದುದು ಹೇಗೆ? ಗಂಜ್ ಎಂದರೆ ಪೇಟೆ. ಮೊಗಲರ ಕಾಲದಲ್ಲಿ ಇದು ಷಾಜಹಾನಾಬಾದಿನ ಕೋಟೆಗೋಡೆಯ ಹೊರಗಿನ ಧಾನ್ಯದ ಪೇಟೆ. ಪಕ್ಕದಲ್ಲಿ ಹೊಸ ದಿಲ್ಲಿ ಸ್ಟೇಷನ್ನು ಆದುದು 1931ರಲ್ಲಿ ಹೊಸ ರಾಜಧಾನಿಯ ಉದ್ಘಾಟನೆಯ ಹೊತ್ತಿಗೆ. 1947ರಲ್ಲಿ ದೇಶ ಹೋಳಾದಾಗ ಪಶ್ಚಿಮ ಪಂಜಾಬಿನಿಂದ ಉಟ್ಟ ಬಟ್ಟೆಯಲ್ಲಿ ಬಂದ ಅನೇಕ ಸಂಸಾರಗಳು ಇಲ್ಲಿ ನೆಲೆಸಿದುವು. ಕೆಳಗೆ ಅಂಗಡಿ, ಮೇಲೆ ಮನೆ. ಮಕ್ಕಳು ಬೆಳೆದಂತೆ ಮನೆಯ ಮೇಲೆ ಮನೆ. ಸ್ಟೇಷನ್ನು ಕೂಗಳತೆಯಲ್ಲಿ ಇದ್ದುದರಿಂದ ಖಾಲಿಯಾದ ಕೋಣೆಗೆ ಗಿರಾಕಿ ತಾನಾಗಿಯೇ ಬರುತ್ತಿದ್ದ.

1960ರ ದಶಕದ ಕೊನೆಗೆ ಆ ಗಿರಾಕಿ ಬದಲಾದ. ಇಸ್ತಾಂಬುಲಿನಿಂದ ಹೊರಟು ತೆಹರಾನ್, ಕಾಬೂಲ್, ಲಾಹೋರಿನ ಮೂಲಕ ಬಸ್ಸಿನಲ್ಲಿಯೇ ದಿಲ್ಲಿಗೆ ಬಂದು, ಮುಂದೆ ಕಾಠ್ಮಂಡುವಿಗೋ ಗೋವೆಗೋ ಹೋಗುವ ಪಾಶ್ಚಾತ್ಯ ತರುಣರ ದಂಡು. ಆ ದಾರಿಯಲ್ಲಿಯೇ ಬಂದ ಟೋನಿ ಮತ್ತು ಮೌರೀನ್ ವ್ಹೀಲರ್ ದಂಪತಿಗಳು 1973ರಲ್ಲಿ ಏಷ್ಯಾವನ್ನು ಅಗ್ಗವಾಗಿ ದಾಟುವುದು ಹೇಗೆಂದು ಒಂದು ಚಿಕ್ಕ ಪುಸ್ತಕ ಅಚ್ಚು ಹಾಕಿಸಿದರು. ಲೋನ್ಲಿ ಪ್ಲಾನೆಟ್ ಎಂಬ ಸಂಸ್ಥೆ ಹುಟ್ಟಿದ್ದು ಹೀಗೆ. 1979ರಲ್ಲಿ ಇರಾನಿನ ಕ್ರಾಂತಿಯೂ ಅಫಘಾನಿಸ್ತಾನಕ್ಕೆ ಸೋವಿಯತ್ ಸೇನೆಯ ಪ್ರವೇಶವೂ ಆಗಿ ಭೂಮಾರ್ಗ ಕಡಿದುಹೋಯಿತು. ಆದರೆ ಬೀದಿ ಸಾಯಲಿಲ್ಲ. ಜನ ವಿಮಾನದಲ್ಲಿ ಬಂದರು. ಸೈನ್ಯದ ಸೇವೆ ಮುಗಿಸಿದ ಇಸ್ರೇಲಿನ ತರುಣರು, ಸಗಟು ಖರೀದಿಯ ರಷ್ಯನ್ನರು, ಜಪಾನಿನ ವಿದ್ಯಾರ್ಥಿಗಳು. ಅದು ನಿಂತುಹೋದದ್ದು 2020ರ ಮಾರ್ಚಿನಲ್ಲಿ ಮಾತ್ರ. ಪ್ರವಾಸದ ವೀಸಾಗಳೆಲ್ಲ ರದ್ದಾಗಿ, 2021ರ ಕೊನೆಯವರೆಗೆ ಈ ಬೀದಿ ವಿದೇಶೀಯರ ಮುಖವನ್ನೇ ಕಾಣದಂತಾಯಿತು. ಈಗ ಇಲ್ಲಿ ಹಾಸಿಗೆ ಹಿಡಿಯುವವರಲ್ಲಿ ನಮ್ಮ ದೇಶದ ಹುಡುಗ ಹುಡುಗಿಯರೇ ಬಹಳ. ನಮ್ಮ ಮಗಳೂ ಒಬ್ಬಳು.

ಆಕೆ ನಮ್ಮನ್ನು ಬಾಗಿಲಲ್ಲೇ ಎದುರುಗೊಂಡಳು. ಹುಡುಗಿಯರಿಗೇ ಬೇರೆಯಾದ ಕೋಣೆ. ಒಂದರ ಮೇಲೊಂದು ಮಂಚ, ರೈಲಿನ ಬರ್ತಿನಂತೆ, ಒಟ್ಟು ಆರು. ಪ್ರತಿ ಮಂಚಕ್ಕೂ ಪರದೆ, ದೀಪ, ಬೀಗ ಹಾಕುವ ಪೆಟ್ಟಿಗೆ. ರಾತ್ರಿಗೆ 600 ರೂಪಾಯಿ, ಮುಂಗಡವಾಗಿಯೇ ಪಾವತಿ. ಮೇಜಿನ ಹುಡುಗ ನಮ್ಮ ಹೆಸರು, ಬಂದ ಹೊತ್ತು ಬರೆಸಿಕೊಂಡು, ಮಹಡಿಗೆ ಗಂಡಸರಾದ ನಮ್ಮನ್ನು ಬಿಡಲಿಲ್ಲ; ಮನೆಯಾಕೆಯನ್ನು ಮಾತ್ರ ಬಿಟ್ಟ. ನಮಗೆ ಕೋಪ ಬರಬೇಕಾಗಿತ್ತು. ಬದಲಾಗಿ ಸ್ವಲ್ಪ ಸಮಾಧಾನವೇ ಆಯಿತು.

ತಾರಸಿಯ ಮೇಲೆ ಚಹಾ ಕುಡಿಯುತ್ತ ಕುಳಿತಾಗ ಆಕೆಯ ಕೋಣೆಯ ಇನ್ನೊಬ್ಬ ಹುಡುಗಿ ಬಂದು ಸೇರಿದಳು. ಹಾಲೆಂಡಿನವಳು. ಹಿಂದಿನ ಚಳಿಗಾಲವನ್ನು ಬೆಲೀಜಿನಲ್ಲಿ ಕಳೆದಳಂತೆ. ಆ ದೇಶದ ಹೆಸರನ್ನು ನಾವು ಕೇಳಿದ್ದು ಬ್ರಿಟಿಷ್ ಹೊಂಡುರಾಸ್ ಎಂದು. 1981ರ ಸೆಪ್ಟೆಂಬರ್ 21ರಂದು ಸ್ವತಂತ್ರವಾಯಿತು. ಮಧ್ಯ ಅಮೆರಿಕದಲ್ಲಿ, ಕೆರಿಬಿಯನ್ ಕಡಲ ದಂಡೆಯಲ್ಲಿ, ಸುಮಾರು 23,000 ಚದರ ಕಿಲೋಮೀಟರಿನ ದೇಶ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಎರಡರಷ್ಟಕ್ಕಿಂತ ಸ್ವಲ್ಪ ಹೆಚ್ಚು; ಜನ ಮಾತ್ರ ನಾಲ್ಕು ಲಕ್ಷದ ಆಸುಪಾಸು. ಒಂದು ಕಡೆ ಹವಳದ ದಿಬ್ಬಗಳು, 1996ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ; ಇನ್ನೊಂದು ಕಡೆ ಕಾಡು, ಕಾಡಿನೊಳಗೆ ಮಾಯಾ ಜನರ ಹಳೆಯ ಗುಡಿಗಳು. ಕೀ ಕಾಕರ್ ಎಂಬ ಪುಟ್ಟ ದ್ವೀಪದಲ್ಲಿ 'ನಿಧಾನವಾಗಿ ನಡೆಯಿರಿ' ಎಂದು ಫಲಕ ಹಾಕಿರುತ್ತಾರಂತೆ. ಮೋಟಾರು ಕಾರುಗಳ ಕಾಟವಿಲ್ಲವಂತೆ. ಕಾಡಿನ ಕಡೆ, ಸ್ಯಾನ್ ಇಗ್ನೇಸಿಯೋ ಊರಿನ ಆಚೆ, ಕೈಯಿಂದ ಸನ್ನೆ ತಿರುಗಿಸುವ ತೆಪ್ಪದಲ್ಲಿ ಹೊಳೆ ದಾಟಿ ಗುಡಿ ನೋಡಿದಳಂತೆ.

"ಹಂಪಿಯ ಹರಿಗೋಲಿನ ಹಾಗೆ" ಎಂದಳು ನಮ್ಮ ಹುಡುಗಿ.

"ಇನ್ನು ಗೋಕರ್ಣಕ್ಕೆ ಹೋಗಬೇಕು" ಎಂದಳು ಹಾಲೆಂಡಿನವಳು. "ಕೂಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್. ನೀವು ಅಲ್ಲಿಯವರಂತೆ. ಯಾವ ಕಡಲತೀರ ಒಳ್ಳೆಯದು?"

ಇಲ್ಲಿ ನಾವು ಸಿಕ್ಕಿಬಿದ್ದೆವು. ಗೋಕರ್ಣ ನಮ್ಮದೇ ಕುಮಟಾ ತಾಲ್ಲೂಕು. ಮಹಾಬಲೇಶ್ವರನ ಗುಡಿ ಬಲ್ಲೆವು, ಕೋಟಿತೀರ್ಥ ಬಲ್ಲೆವು. ತಂದೆಯ ಕಾಲದಲ್ಲೊಮ್ಮೆ, ತಾಯಿಯ ಕಾಲದಲ್ಲೊಮ್ಮೆ ಅಲ್ಲಿ ಪಿಂಡ ಹಾಕಿ ಬಂದೆವು. ಆದರೆ ಗುಡ್ಡ ಹತ್ತಿ ಆಚೆಯ ಓಂ ತೀರವನ್ನು ನೋಡಿದವರಲ್ಲ. ಅರವತ್ತು ದಾಟಿದರೂ ಅದನ್ನು ನೋಡುವ ಬುದ್ಧಿ ನಮಗೆ ಬರಲಿಲ್ಲ. ಹಾಲೆಂಡಿನ ಹುಡುಗಿಗೆ ಅದರ ಹೆಸರು ಬಾಯಿಪಾಠ!

ಹಂಪಿಯ ಮಾತು ಮುಂದುವರಿಯಿತು. ತುಂಗಭದ್ರೆಯ ಆಚೆಯ ದಡದ ವಿರೂಪಾಪುರ ಗಡ್ಡೆಯಲ್ಲಿ ಇಂಥ ಪ್ರವಾಸಿಗಳಿಗೆಂದೇ ಎದ್ದ ಗುಡಿಸಲುಗಳೂ ವಸತಿಗೃಹಗಳೂ ಇದ್ದುವು. ರಕ್ಷಿತ ಪ್ರದೇಶದಲ್ಲಿ ಅಪ್ಪಣೆಯಿಲ್ಲದೆ ಕಟ್ಟಿದ್ದೆಂದು 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಪಾಗಿ, ಮಾರ್ಚಿನಲ್ಲಿ ಅವನ್ನು ಕೆಡವಿದರು. ಕಲ್ಲುಗಳನ್ನು ಕಾಯಬೇಕಾದ್ದು ಸರಿ. ವಿಶ್ವ ಪರಂಪರೆಯ ಹಂಪಿಯನ್ನು 1999ರಿಂದ 2006ರವರೆಗೆ ಅಪಾಯದ ಪಟ್ಟಿಯಲ್ಲಿ ಇಟ್ಟಿದ್ದರೆಂಬುದನ್ನೂ ಮರೆಯಲಾಗದು. ಆದರೆ ಕಿಸೆ ತೆಳುವಾದ ದಾರಿಹೋಕನೂ ಎಲ್ಲಿಯಾದರೂ ಮಲಗಬೇಕಲ್ಲ. ನಮ್ಮ ಹಿರಿಯರು ಕ್ಷೇತ್ರಕ್ಕೊಂದು ಛತ್ರ ಕಟ್ಟಿಸಿದ್ದು ಇದನ್ನು ಬಲ್ಲವರಾಗಿ. ಪಹಾಡಗಂಜೆಂದರೆ ಧರ್ಮವಿಲ್ಲದ ಛತ್ರ ಎಂದು ನಮಗೆ ಆಗ ಹೊಳೆಯಿತು. ಬಾಡಿಗೆ ಕೇಳುತ್ತಾರೆ, ಆದರೆ ಜಾತಿ ಕೇಳುವುದಿಲ್ಲ.

ಕತ್ತಲಾಗುತ್ತಿತ್ತು. ನಾವು ಬಂದ ಕೆಲಸಕ್ಕೆ ಕೈ ಹಾಕಿದೆವು. "ಚೀಲ ಕಟ್ಟು ಮಗಳೇ, ಮನೆಗೆ ಹೋಗೋಣ" ಎಂದೆವು.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ದೊಡ್ಡಪ್ಪ, ನಿಮ್ಮ ಮನೆಗೆ ಬಂದರೆ ನೀವು ನನ್ನನ್ನು ಮೆಟ್ರೋ ತನಕ ಬಿಡ್ತೀರಿ, ಸಂಜೆ ಕಾಯ್ತಾ ಕೂತಿರ್ತೀರಿ, ದೊಡ್ಡಮ್ಮ ಊಟ ಮಾಡದೆ ಇರ್ತಾರೆ. ನನಗೆ ನಾನೇ ದಾರಿ ಹುಡುಕೋದು ಬರ್ತದಾ ಅಂತ ನೋಡಬೇಕು. ಬಾರದಿದ್ರೆ ನಿಮ್ಮ ಮನೆ ಉಂಟಲ್ಲ. ಆ ಧೈರ್ಯದಿಂದಲೇ ಬಂದದ್ದು."

ಸಿದ್ಧಪಡಿಸಿಕೊಂಡು ಬಂದಿದ್ದ ಬುದ್ಧಿವಾದವೆಲ್ಲ ಅಲ್ಲಿಗೇ ನಿಂತಿತು. 1982ರಲ್ಲಿ ನಮಗೆ ಮೋಸವಾಯಿತು, ನಿಜ. ಆದರೆ ಆ ಬೆಳಿಗ್ಗೆ ನಾವು ಊರಿಗೆ ಹಿಂತಿರುಗಲಿಲ್ಲವಲ್ಲ! ನಮ್ಮ ತಂದೆ ಜತೆಯಲ್ಲಿ ಬಂದಿದ್ದರೆ ಖಂಡಿತ ಹಿಂತಿರುಗಿಸುತ್ತಿದ್ದರು. ಮನೆಯಾಕೆಯೇ ಮೊದಲು ಎದ್ದು ಬುತ್ತಿಯನ್ನು ಆಕೆಯ ಕೈಗಿತ್ತರು. "ಆರು ಜನಕ್ಕೂ ಸಾಕಾಗುತ್ತದೆ, ಹಂಚಿಕೊಳ್ಳಿ" ಎಂದರು. ಮಹಡಿಯ ಮೇಲೆ ಮಂಚಗಳನ್ನು ಎಣಿಸಿ ಬಂದಿದ್ದರೆಂದು ಕಾಣುತ್ತದೆ.

ಆದರೂ ಹಿರಿಯರೆಂಬ ಹಕ್ಕಿನಿಂದ ನಾಲ್ಕು ಮಾತು ಹೇಳಿಯೇ ಹೊರಟೆವು. ವಾಚಕರ ಮನೆಯ ಮಕ್ಕಳಿಗೂ ಉಪಯೋಗವಾದೀತು. ಸ್ಟೇಷನ್ನಿನ ಹೊರಗೆ "ನಿಮ್ಮ ಹೊಟೆಲು ಮುಚ್ಚಿದೆ" ಎನ್ನುವವನನ್ನು ನಂಬಬಾರದು. ನಲವತ್ತು ವರ್ಷ ಕಳೆದರೂ ಅದೇ ಪಾಠ ಒಪ್ಪಿಸುತ್ತಾನೆ. ಕೋಣೆಯನ್ನು ಕಣ್ಣಾರೆ ನೋಡಿ, ಬಾಡಿಗೆಯನ್ನು ಬರೆಸಿಕೊಂಡು, ಆಮೇಲೆ ಚೀಲ ಇಳಿಸಬೇಕು. ಗುರುತಿನ ಪತ್ರ ಕೇಳಿ ರಿಜಿಸ್ಟರಿನಲ್ಲಿ ಬರೆಸುವ ಮನೆಯೇ ಲೇಸು. ವಿದೇಶೀಯರು ತಂಗಿದರೆ 24 ಗಂಟೆಗಳೊಳಗೆ ಸರಕಾರಕ್ಕೆ ವರದಿ ಹೋಗಬೇಕೆಂಬ ನಿಯಮವಿರುವುದರಿಂದ, ಲೆಕ್ಕ ಸರಿಯಾಗಿಟ್ಟವರಿಗೆ ಬಚ್ಚಿಡುವುದೇನೂ ಇರುವುದಿಲ್ಲ. ರಾತ್ರಿ ದಾರಿಯಲ್ಲಿ ಸಿಕ್ಕವನು ಕೊಡುವ ಪುಡಿ, ಸೊಪ್ಪುಗಳ ತಂಟೆಗೆ ಹೋಗಬಾರದು. ಬೆಳಗಿನ ಹೊತ್ತು ಇಂಪೀರಿಯಲ್ ಸಿನೆಮಾದ ಬಳಿ ಸೀತಾರಾಮ್ ದಿವಾನ್‌ಚಂದ್ ಅಂಗಡಿಯ ಛೋಲೆ ಭಟೂರೆಯನ್ನು ಮಾತ್ರ ಬಿಡಬಾರದು. ಕೊನೆಯದು, ದಿಲ್ಲಿಯಲ್ಲಿ ಕನ್ನಡ ಬಲ್ಲವರ ಒಂದು ಫೋನು ನಂಬರು ಕಾಗದದ ಮೇಲೂ ಬರೆದಿಟ್ಟಿರಬೇಕು, ಫೋನು ಕಳೆದರೂ ಕಾಗದ ಉಳಿಯುತ್ತದೆ.

ಆ ಎರಡು ರಾತ್ರಿ ನಮಗೆ ನಿದ್ದೆ ಬರಲಿಲ್ಲವೆಂಬುದನ್ನು ಮರೆಮಾಚುವುದಿಲ್ಲ. ತಮ್ಮನಿಗೆ "ನೋಡಿ ಬಂದೆವು, ಜಾಗ ಪರವಾಗಿಲ್ಲ" ಎಂದೆವು. ಅವನು ಬಹಳ ಹೊತ್ತು ಮಾತಾಡಲಿಲ್ಲ.

ಮೂರು ರಾತ್ರಿ ಮುಗಿಸಿ, ನಾಲ್ಕನೆಯ ದಿನ ಮಧ್ಯಾಹ್ನ ಬಾಗಿಲ ಗಂಟೆ ಬಾರಿಸಿತು. ಬೆನ್ನಿನ ಮೇಲೆ ಚೀಲ, ಬಿಸಿಲಿಗೆ ಕೆಂಪಾದ ಮುಖ. ಹಿಂದೆ ಹಾಲೆಂಡಿನ ಹುಡುಗಿ. ಅವಳ ಕೈಯಲ್ಲಿ ತೊಳೆದು ಒರೆಸಿದ ನಮ್ಮ ಬುತ್ತಿಯ ಡಬ್ಬಿಗಳು. ಮನೆಯಾಕೆ ಅನ್ನ, ಹುಳಿ, ಸೌತೆಕಾಯಿಯ ತಂಬುಳಿ ಬಡಿಸಿದರು. ಊಟವಾದ ಮೇಲೆ ಇಬ್ಬರೂ ನಡುಮನೆಯಲ್ಲಿ ಚಾಪೆಯ ಮೇಲೆಯೇ ಬಿದ್ದು ಸಂಜೆಯವರೆಗೆ ಎದ್ದೇಳದೆ ಮಲಗಿದರು. ಮಂಚ ಖಾಲಿಯಾಗಿತ್ತು, ಏಳಿಸಲು ಮನಸ್ಸಾಗಲಿಲ್ಲ.

ಬರುವ ಚಳಿಗಾಲದಲ್ಲಿ ನಾವು ಊರಿಗೆ ಹೋಗುವುದು ನಿಶ್ಚಯವಾಗಿದೆ. ಈ ಸಲ ಗೋಕರ್ಣಕ್ಕೆ ಹೋದಾಗ ಕೋಟಿತೀರ್ಥದಿಂದಲೇ ಹಿಂತಿರುಗುವುದಿಲ್ಲ. ಗುಡ್ಡ ಹತ್ತಿ ಓಂ ತೀರದಲ್ಲಿ ಒಂದು ರಾತ್ರಿ ಇದ್ದು ಬರಬೇಕೆಂದು ಮನೆಯಾಕೆ ಹೇಳಿದ್ದಾರೆ. ಕುಮಟೆಯ ತಮ್ಮನಿಗೆ ಇದಿನ್ನೂ ತಿಳಿಯದು. ತಿಳಿದರೆ ಅವನ ಮನೆಯಲ್ಲಿ ಏನಾದೀತೆಂದು ಊಹಿಸುವುದು ನಮಗೇನೂ ಕಷ್ಟವಲ್ಲ.