ಮನಸ್ಸಿನಲ್ಲಿ ಅರ್ಧ, ಕೈಯಲ್ಲಿ ಅರ್ಧ

ಒಂದು ನಿಮಿಷ ಕಣ್ಣು ಮುಚ್ಚಿಕೊಳ್ಳಿ. ಬೆಳಿಗ್ಗೆ ತಿಂಡಿ ತಿಂದ ತಟ್ಟೆಯನ್ನು ನೆನಪಿಗೆ ತಂದುಕೊಳ್ಳಿ. ಇಡ್ಲಿಯ ಬಿಳುಪು, ಹರಿದು ಅಂಚಿಗೆ ಬಂದು ನಿಂತ ಚಟ್ನಿ, ಲೋಟದ ಮೇಲಿನ ಕಾಫಿ ನೊರೆ ಎಲ್ಲ ಎದುರಿಗೇ ಇಟ್ಟಂತೆ ಕಾಣುತ್ತಿದೆಯೇ? ಮಸುಕಾಗಿ ಬಂದು ಜಾರಿಹೋಗುತ್ತಿದೆಯೇ? ಅಥವಾ ಏನೂ ಕಾಣದೆ ‘ಇಡ್ಲಿ ತಿಂದೆ’ ಎಂಬ ತಿಳಿವು ಮಾತ್ರ ಇದೆಯೇ?

ಸುಮಾರು ನೂರೈವತ್ತು ವರ್ಷಗಳ ಹಿಂದೆ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಹೆಚ್ಚುಕಡಿಮೆ ಇದನ್ನೇ ಕೇಳಿದ್ದರು. ಅಂದು ಬೆಳಿಗ್ಗೆ ತಿಂಡಿಗೆ ಕೂತ ಮೇಜನ್ನು ನೆನೆಸಿಕೊಳ್ಳಿ, ಬೆಳಕು ಹೇಗಿದೆ, ಬಣ್ಣ ಹೇಗಿದೆ ಹೇಳಿ ಎಂಬುದು ಅವರ ಪ್ರಶ್ನಾವಳಿ. ಮೊದಲು ಕೇಳಿದ್ದು ತಮ್ಮ ವಿಜ್ಞಾನಿ ಗೆಳೆಯರನ್ನು. ಅವರಲ್ಲಿ ಹಲವರು, ಮನಸ್ಸಿನಲ್ಲಿ ‘ಕಾಣುವುದು’ ಎಂದರೆ ಬರೀ ಮಾತಿನ ಅಲಂಕಾರವಲ್ಲವೇ ಎಂದುಬಿಟ್ಟರು. ಉಳಿದ ಜನರಲ್ಲಿ ಅನೇಕರು ಮಾತ್ರ ನಮಗೆ ಚೆನ್ನಾಗಿಯೇ ಕಾಣುತ್ತದಲ್ಲ ಎಂದರು. ಗಾಲ್ಟನ್ ಬೆರಗಾದರು. ಇದನ್ನೆಲ್ಲ ಅವರು ಪ್ರಕಟಿಸಿದ್ದು 1880ರಲ್ಲಿ.

ಕಲೆಗಾರರ ತಲೆಯಲ್ಲಿ ಚಿತ್ರ, ಹಾಡು, ಪದ್ಯ ಮೊದಲೇ ಪೂರ್ತಿಯಾಗಿ ಮೂಡಿರುತ್ತದೆ, ಅವರು ಅದನ್ನು ನಕಲು ಮಾಡಿ ಇಳಿಸುತ್ತಾರೆ ಅಷ್ಟೇ ಎಂದು ನಾವು ನಂಬಿಕೊಂಡಿದ್ದೇವೆ. ಈ ನಂಬಿಕೆಯನ್ನು ಒಂದಿಷ್ಟು ತಿರುವಿ ನೋಡೋಣ.

ಕಾಣದವರೂ ಬಿಡಿಸುತ್ತಾರೆ

ಅನಿಮೇಷನ್ ಚಿತ್ರಗಳ ಪಿಕ್ಸಾರ್ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರು ಎಡ್ ಕ್ಯಾಟ್‌ಮಲ್. ಕಂಪ್ಯೂಟರಿನಲ್ಲಿ ಬಾಗಿದ ಮೇಲ್ಮೈಗಳನ್ನು ಮೂಡಿಸುವ ಲೆಕ್ಕ ಹಾಕಿಕೊಟ್ಟವರು. ಒಮ್ಮೆ ಅವರು ಟಿಬೆಟಿನ ಧ್ಯಾನ ಕಲಿಯಲು ಕೂತರು. ಕಣ್ಣೆದುರು ಒಂದು ಗೋಳವನ್ನು ತಂದುಕೊಳ್ಳಿ ಎಂದರು ಕಲಿಸುವವರು. ಎಷ್ಟು ಕೂತರೂ ಗೋಳ ಬರಲಿಲ್ಲ. ಆಮೇಲೆ ಅವರಿಗೆ ಗೊತ್ತಾಯಿತು: ಗೋಳ ಮಾತ್ರವಲ್ಲ, ಯಾವ ಚಿತ್ರವೂ ತಮ್ಮ ಮನಸ್ಸಿನಲ್ಲಿ ಮೂಡುವುದಿಲ್ಲ.

ಇದಕ್ಕೆ ಹೆಸರಿಟ್ಟವರು ಬ್ರಿಟನ್ನಿನ ನರತಜ್ಞ ಆಡಮ್ ಜೆಮನ್. 2015ರಲ್ಲಿ ಅವರು ಇದನ್ನು ‘ಅಫ್ಯಾಂಟೇಸಿಯಾ’ ಎಂದು ಕರೆದರು. ಇದು ಕಾಯಿಲೆಯಲ್ಲ. ನೂರಕ್ಕೆ ಒಬ್ಬರಿಂದ ನಾಲ್ವರವರೆಗೆ ಹೀಗಿರಬಹುದು ಎಂಬುದು ಈಗಿನ ಅಂದಾಜು. ಜೆಮನ್ ಅವರಲ್ಲಿಗೆ ಮೊದಲು ಬಂದಿದ್ದವರು ಹೃದಯದ ಚಿಕಿತ್ಸೆಯಾದ ಮೇಲೆ ಒಳಚಿತ್ರ ಕಳೆದುಕೊಂಡ ಒಬ್ಬ ನಿವೃತ್ತ ಸರ್ವೇಯರು. ಹುಲ್ಲಿನ ಹಸಿರು ದಟ್ಟವೋ ಪೈನ್ ಮರದ ಹಸಿರು ದಟ್ಟವೋ ಎಂದು ಕೇಳಿದರೆ ಅವರು ಸರಿಯಾಗಿಯೇ ಹೇಳುತ್ತಿದ್ದರು. ಆದರೆ ಆ ಹಸಿರು ಅವರಿಗೆ ಕಾಣುತ್ತಿರಲಿಲ್ಲ. ಚಿತ್ರ ಹೋಗಿತ್ತು, ತಿಳಿವಳಿಕೆ ಉಳಿದಿತ್ತು.

ಕ್ಯಾಟ್‌ಮಲ್ ಲೆಕ್ಕದ ಮನುಷ್ಯ, ಅವರಿಗೆ ಕಾಣದಿದ್ದರೇನಂತೆ ಎನ್ನಬಹುದು. ಹಾಗಾದರೆ ಗ್ಲೆನ್ ಕೀನ್ ಅವರನ್ನು ನೋಡಿ. ಡಿಸ್ನಿಯ 1989ರ ‘ದ ಲಿಟಲ್ ಮರ್ಮೇಡ್’ ಚಿತ್ರದ ಏರಿಯಲ್ ಎಂಬ ಮತ್ಸ್ಯಕನ್ಯೆಗೆ ಜೀವ ಕೊಟ್ಟವರು ಅವರು. ಅವರಿಗೂ ಒಳಗೆ ಚಿತ್ರ ಕಾಣುವುದಿಲ್ಲ. ಪೆನ್ಸಿಲು ಹಿಡಿದು ಹಾಳೆಯ ತುಂಬ ಗೀಚುತ್ತಾರೆ. ಗೆರೆಯ ಮೇಲೆ ಗೆರೆ, ಅದರ ಮೇಲೆ ಇನ್ನೊಂದು. ಆ ಸಿಕ್ಕಿನೊಳಗಿಂದ ಒಂದು ಕೆನ್ನೆ, ಒಂದು ನೋಟ ಮೆಲ್ಲಗೆ ಹೊರಬರುತ್ತದೆ. ಉಳಿದವರು ಒಳಗೆ ನೋಡಿಕೊಳ್ಳುವುದನ್ನು ಅವರು ಹಾಳೆಯ ಮೇಲೆ ಹುಡುಕುತ್ತಾರೆ.

ಇದಕ್ಕೆ ತದ್ವಿರುದ್ಧ, ಯಂತ್ರಗಳ ಆವಿಷ್ಕಾರಕ ನಿಕೋಲಾ ಟೆಸ್ಲಾ. ಯಂತ್ರವನ್ನು ತಲೆಯೊಳಗೇ ಕಟ್ಟಿ, ಅಲ್ಲೇ ಓಡಿಸಿ ನೋಡುತ್ತೇನೆ ಎಂದು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಒಳಚಿತ್ರ ಇದ್ದವರೂ ಸೃಷ್ಟಿಸಿದ್ದಾರೆ, ಇಲ್ಲದವರೂ ಸೃಷ್ಟಿಸಿದ್ದಾರೆ.

ಕರೆಂಟು ಹೋದರೂ ನಿಲ್ಲದ ಹಾಡು

ರೇಡಿಯೋದಲ್ಲಿ ನಿಮಗೆ ಬಾಯಿಪಾಠವಾಗಿರುವ ಹಾಡು ಬರುತ್ತಿದೆ. ಚರಣದ ನಡುವೆ ಕರೆಂಟು ಹೋಯಿತು. ರೇಡಿಯೋ ನಿಂತರೂ ಹಾಡು ನಿಲ್ಲುವುದಿಲ್ಲ, ಒಳಗೆ ಮುಂದಿನ ಸಾಲಿಗೆ ಹೋಗಿರುತ್ತದೆ. 2005ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನವರು ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಜನರನ್ನು ಸ್ಕ್ಯಾನರಿನಲ್ಲಿ ಮಲಗಿಸಿ ಹಾಡು ಕೇಳಿಸುತ್ತ, ನಡುನಡುವೆ ಕೆಲವು ಸೆಕೆಂಡು ಸದ್ದು ತೆಗೆದರು. ಹಾಡು ಪರಿಚಯದ್ದಾಗಿದ್ದರೆ ಆ ಮೌನದಲ್ಲೂ ಮಿದುಳಿನ ಶ್ರವಣ ಭಾಗ ಕೆಲಸ ಮಾಡುತ್ತಿತ್ತು.

ಕಿವುಡರಾದ ಮೇಲೆ ಸಂಗೀತಕಾರ ಬೀಥೋವನ್ ಬದುಕಿದ್ದು ಇಂಥ ಮೌನದಲ್ಲೇ. 1824ರ ಮೇ 7ರಂದು ವಿಯೆನ್ನಾದಲ್ಲಿ ಅವರ ಒಂಬತ್ತನೆಯ ಸಿಂಫನಿ ಮೊದಲ ಸಲ ಮೊಳಗಿತು. ಚಪ್ಪಾಳೆ ಕೇಳಿಸದೆ ಜನರಿಗೆ ಬೆನ್ನು ಮಾಡಿ ನಿಂತಿದ್ದ ಅವರನ್ನು ಗಾಯಕಿಯೊಬ್ಬರು ಹಿಡಿದು ತಿರುಗಿಸಬೇಕಾಯಿತಂತೆ. ಕಿವಿ ಮುಚ್ಚಿದ ಮೇಲೂ ಒಳಗಿವಿ ತೆರೆದಿತ್ತು, ನಿಜ. ಆದರೆ ಅವರು ಬಿಟ್ಟುಹೋದ ಕರಡು ಪುಸ್ತಕಗಳು ಇನ್ನೊಂದು ಕಥೆ ಹೇಳುತ್ತವೆ. ಮಕ್ಕಳೂ ಗುನುಗಬಲ್ಲ ಆ ಸಿಂಫನಿಯ ಕೊನೆಯ ಭಾಗದ ಸರಳ ಧಾಟಿಯನ್ನು ಅವರು ಎಷ್ಟೋ ಸಲ ಬರೆದು, ಹೊಡೆದು, ತಿದ್ದಿದ್ದಾರೆ.

ಮೊಜಾರ್ಟ್ ಇಡೀ ಕೃತಿಯನ್ನು ಒಂದೇ ಸಲಕ್ಕೆ ಮನಸ್ಸಿನಲ್ಲಿ ಕೇಳುತ್ತಿದ್ದರು ಎಂಬ ಮಾತು ಬಹಳ ಓಡಾಡಿದೆ. ಅದರ ಮೂಲ 1815ರಲ್ಲಿ ಜರ್ಮನ್ ಪತ್ರಿಕೆಯೊಂದರಲ್ಲಿ ಅಚ್ಚಾದ ಒಂದು ‘ಮೊಜಾರ್ಟ್ ಪತ್ರ’. ಆ ಪತ್ರ ನಕಲಿ ಎಂದು ವಿದ್ವಾಂಸರು ತೀರ್ಮಾನಿಸಿದ್ದಾರೆ. ಮೊಜಾರ್ಟರ ಕರಡುಗಳೂ ಅರ್ಧಕ್ಕೆ ಬಿಟ್ಟ ತುಣುಕುಗಳೂ ಸಾಕಷ್ಟು ಸಿಕ್ಕಿವೆ.

ನಮ್ಮ ಸಂಗೀತ ಕಚೇರಿಗಳಲ್ಲೇ ನೋಡಿ. ಗಾಯಕಿ ಆ ಕ್ಷಣಕ್ಕೆ ಹೊಳೆದ ಸ್ವರಗಳನ್ನು ಹೆಣೆಯುತ್ತ ಕಲ್ಪನಾಸ್ವರ ಹಾಡುವಾಗ ಅವರು ಮರಳಿ ಹಿಡಿಯಬೇಕಾದ ಸಾಲು ಹೊರಗೆ ಕೇಳಿಸುತ್ತಿರುವುದಿಲ್ಲ. ತೊಡೆಯ ಮೇಲೆ ಕೈ ಮಾತ್ರ ಆದಿತಾಳ ಹಾಕುತ್ತಿರುತ್ತದೆ: ಒಂದು ಪೆಟ್ಟು, ಮೂರು ಬೆರಳು, ಮತ್ತೆ ಪೆಟ್ಟು, ಹುಸಿ, ಪೆಟ್ಟು, ಹುಸಿ. ಎಂಟು ಎಣಿಕೆಯ ಲೆಕ್ಕವನ್ನು ಕೈಗೆ ಒಪ್ಪಿಸಿದ್ದರಿಂದಲೇ ಮನಸ್ಸು ರಾಗದಲ್ಲಿ ಅಲೆಯಬಹುದು. ಎಷ್ಟೇ ದೂರ ಹೋಗಿರಲಿ, ಸರಿಯಾದ ಎಣಿಕೆಗೆ ಬಂದು ಸಾಲು ಎತ್ತಿಕೊಳ್ಳುತ್ತಾರೆ.

ಮಾತಿಗೆ ಮುಂಚಿನ ಗುನುಗು

ಪುಟ್ಟ ಮಕ್ಕಳು ಆಟವಾಡುವಾಗ ತಮ್ಮಷ್ಟಕ್ಕೇ ಜೋರಾಗಿ ಮಾತಾಡಿಕೊಳ್ಳುತ್ತಾರೆ. ಆ ಮಾತೇ ಮುಂದೆ ಒಳಕ್ಕೆ ಇಳಿದು ಮೌನದ ಮಾತಾಗುತ್ತದೆ ಎಂದವರು ರಷ್ಯಾದ ಮನಶ್ಶಾಸ್ತ್ರಜ್ಞ ವಿಗೋಟ್‌ಸ್ಕಿ. ಹಾಗೆಂದು ಯೋಚನೆಯೆಲ್ಲ ಮಾತೇ ಎನ್ನುವಂತಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ರಸೆಲ್ ಹರ್ಲ್‌ಬರ್ಟ್ ಜನರ ಕೈಗೆ ಬೀಪ್ ಎನ್ನುವ ಸಣ್ಣ ಯಂತ್ರ ಕೊಟ್ಟು, ಅದು ಕೂಗಿದ ಗಳಿಗೆಯಲ್ಲಿ ತಲೆಯಲ್ಲಿ ಏನಿತ್ತೆಂದು ಬರೆದಿಡಲು ಹೇಳಿದರು. ಕೆಲವರಲ್ಲಿ ಮಾತಿತ್ತು, ಕೆಲವರಲ್ಲಿ ಚಿತ್ರ. ಇನ್ನು ಕೆಲವು ಸಲ ಮಾತೂ ಚಿತ್ರವೂ ಇಲ್ಲದ ಬರೀ ಯೋಚನೆ. ‘ನಾನು ಸದಾ ಮಾತಿನಲ್ಲೇ ಯೋಚಿಸುತ್ತೇನೆ’ ಎಂದುಕೊಂಡಿದ್ದ ಹಲವರು ತಮ್ಮದೇ ಟಿಪ್ಪಣಿ ನೋಡಿ ಚಕಿತರಾದರು.

ಕವಿಗಳಿಗೂ ಪದವೇ ಮೊದಲಲ್ಲ. ಪದ್ಯ ಹೇಗೆ ಹುಟ್ಟುತ್ತದೆ ಎಂದು ರಷ್ಯನ್ ಕವಿ ಮಾಯಕೋವ್‌ಸ್ಕಿ 1926ರಲ್ಲಿ ಬರೆದಿದ್ದಾರೆ. ಕೈ ಬೀಸುತ್ತ ನಡೆಯುವುದು, ಬಾಯಲ್ಲಿ ಅರ್ಥವಿಲ್ಲದ ಗೊಣಗು. ಗೊಣಗಿಗೆ ತಕ್ಕಂತೆ ಹೆಜ್ಜೆ ಸಣ್ಣದಾಗುತ್ತದೆ, ಹೆಜ್ಜೆಗೆ ತಕ್ಕಂತೆ ಗೊಣಗು ಬಿರುಸಾಗುತ್ತದೆ. ಲಯ ಗಟ್ಟಿಯಾದ ಮೇಲೆ ಅದರೊಳಗೆ ಒಂದೊಂದೇ ಪದ ಬಂದು ಕೂರುತ್ತದೆ.

ಬೆರಳಿಗೆ ಗೊತ್ತಿರುವುದು

ಗಣಿತಜ್ಞ ಹಡಮಾರ್ಡ್ ಅವರ ಪ್ರಶ್ನೆಗೆ ಉತ್ತರಿಸುತ್ತ ಐನ್‌ಸ್ಟೈನ್ ಒಂದು ಸಂಗತಿ ತಿಳಿಸಿದ್ದರು. ತಮ್ಮ ಯೋಚನೆಯ ಮೊದಲ ಹಂತದಲ್ಲಿ ಮಾತಿಗೆ ಪಾತ್ರವೇ ಇಲ್ಲ. ಅಲ್ಲಿರುವುದು ಚಿತ್ರಗಳು, ಜೊತೆಗೆ ಸ್ನಾಯುಗಳಲ್ಲಿ ಆಗುವ ಒಂದು ಬಗೆಯ ಅನುಭವ. ಮಾತು ಹುಡುಕುವುದು ಆಮೇಲಿನ ಕಷ್ಟದ ಕೆಲಸ.

ಸ್ನಾಯುಗಳಲ್ಲಿ ಯೋಚನೆಯೇ ಎಂದು ಅನುಮಾನ ಬಂದರೆ ನಾಳೆ ಬೆಳಗಿನ ಜಾವ ಬಾಗಿಲಿಗೆ ಬಂದು ನಿಲ್ಲಿ. ಹದಿನೈದು ಚುಕ್ಕಿಯಿಂದ ಒಂದಕ್ಕೆ ಇಳಿಯುವ ಎಳೆ ರಂಗೋಲಿ ಹಾಕುವವರನ್ನು, ಮೂರನೇ ಸಾಲಿನಲ್ಲಿ ಎಳೆ ಯಾವ ಕಡೆ ತಿರುಗುತ್ತದೆ ಎಂದು ಕೇಳಿ. ಬಾಯಲ್ಲಿ ಹೇಳಲು ತಡವರಿಸಬಹುದು. ‘ತಡಿ, ಹಾಕಿ ತೋರಿಸ್ತೀನಿ’ ಎಂದು ಬಗ್ಗುತ್ತಾರೆ. ಬೆರಳ ಸಂದಿಯಿಂದ ಪುಡಿ ಇಳಿಯುತ್ತದೆ, ಎಳೆ ಎಡಕ್ಕೆ ಹೊರಳಿ, ಚುಕ್ಕಿಯನ್ನು ಬಳಸಿ, ಹೊರಟ ಜಾಗಕ್ಕೇ ಬಂದು ಸೇರುತ್ತದೆ. ಎಳೆ ಕೂಡಿದ ಮೇಲೆ ಅವರೂ ಒಂದು ಹೆಜ್ಜೆ ಹಿಂದೆ ಸರಿದು ನೋಡುತ್ತಾರೆ. ಇಡೀ ರಂಗೋಲಿಯನ್ನು ಅವರು ಕಾಣುವುದೂ ಆಗಲೇ.