ಮಕ್ಕಳ ಸೇವೆ ಕಿಟ್ ವಿತರಣೆಗೇ ನಿಲ್ಲದಿರಲಿ

ನಮ್ಮ ಕರಾವಳಿಯ ಕಾಲೇಜುಗಳಲ್ಲಿ ಓದುವ ಮಕ್ಕಳು ಸೇವೆಯಲ್ಲಿ ಹಿಂದೆ ಬಿದ್ದವರಲ್ಲ. ರಕ್ತದಾನ ಶಿಬಿರ ಇರಲಿ, ರಮಝಾನ್ ಕಿಟ್ ಹಂಚುವುದಿರಲಿ, ಮಳೆಗಾಲದಲ್ಲಿ ನೀರು ನುಗ್ಗಿದ ಮನೆಯ ಸಾಮಾನು ಸಾಗಿಸುವುದಿರಲಿ, ಕರೆದರೆ ಓಡಿ ಬರ್ತಾರೆ. ಅಲ್ಲಾಹು ಅವರ ಶ್ರಮವನ್ನು ಸ್ವೀಕರಿಸಲಿ. ಆದರೆ ನಾವು ಯೋಚಿಸಬೇಕಾದ ಒಂದು ಮಾತಿದೆ. ಈ ವರ್ಷ ಕಿಟ್ ಪಡೆದ ಮನೆಯ ಹೆಸರು ಮುಂದಿನ ವರ್ಷದ ಪಟ್ಟಿಯಲ್ಲೂ ಇರ್ತದೆ, ಅದರಾಚೆಯ ವರ್ಷವೂ ಇರ್ತದೆ. ಹಸಿದವರಿಗೆ ಅನ್ನ ಕೊಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಮನೆಯ ಹೆಸರು ಪಟ್ಟಿಯಿಂದ ಇಳಿಯುವಂತೆ ಮಾಡುವ ಸೇವೆ ಯಾವುದು?

ಮದ್ರಸದಲ್ಲಿ ಮಕ್ಕಳಿಗೆ ನಾವು ಹೇಳಿಕೊಡುವ ಒಂದು ಹದೀಸಿನ ಘಟನೆ ಇಲ್ಲಿ ನೆನಪಾಗ್ತದೆ. ಅನ್ಸಾರಿಗಳಲ್ಲಿ ಒಬ್ಬರು ಪ್ರವಾದಿ(ಸ)ರ ಬಳಿಗೆ ಸಹಾಯ ಕೇಳಿ ಬಂದರು. ಮನೆಯಲ್ಲಿ ಏನಿದೆ ಎಂದು ಪ್ರವಾದಿ(ಸ)ರು ವಿಚಾರಿಸಿದಾಗ, ಹಾಸಲು ಹೊದೆಯಲು ಒಂದು ಬಟ್ಟೆ, ನೀರು ಕುಡಿಯುವ ಒಂದು ಪಾತ್ರೆ, ಅಷ್ಟೇ. ಅವೆರಡನ್ನೂ ತರಿಸಿ ಹರಾಜು ಹಾಕಿದಾಗ 2 ದಿರ್ಹಮ್ ಬಂತು. ಒಂದರಲ್ಲಿ ಮನೆಗೆ ಆಹಾರ, ಇನ್ನೊಂದರಲ್ಲಿ ಕೊಡಲಿ. ಆ ಕೊಡಲಿಗೆ ಪ್ರವಾದಿ(ಸ)ರು ತಮ್ಮ ಕೈಯಾರೆ ಕಾವು ಹಾಕಿ, ಕಟ್ಟಿಗೆ ಕಡಿದು ಮಾರು, 15 ದಿನ ನನಗೆ ಕಾಣಿಸಿಕೊಳ್ಳಬೇಡ ಎಂದು ಕಳಿಸಿದರು. ಆ ಮನುಷ್ಯ ಮರಳಿ ಬಂದಾಗ ಕೈಯಲ್ಲಿ 10 ದಿರ್ಹಮ್ ಇತ್ತು. ಅನ್ನಕ್ಕೆ ಒಂದು, ಕೊಡಲಿಗೆ ಒಂದು. ಇಂದು ‘ಸಾಮಾಜಿಕ ಉದ್ಯಮ’ ಎಂದು ಕಾಲೇಜುಗಳಲ್ಲಿ ಕಲಿಸುವ ಪಾಠದ ಬೇರು ಇದರಲ್ಲೇ ಇದೆ.

ಈ ದಾರಿಯಲ್ಲಿ ವಿದ್ಯಾರ್ಥಿಗಳು ಏನು ಮಾಡಬಹುದು ಎನ್ನುವುದಕ್ಕೆ ನಮ್ಮ ಕಾಲದ ಉದಾಹರಣೆ ಬಾಂಗ್ಲಾದೇಶದಲ್ಲಿದೆ. 1974ರ ಬರಗಾಲದ ಹೊತ್ತಿನಲ್ಲಿ ಮುಹಮ್ಮದ್ ಯೂನುಸ್ ಚಿತ್ತಗಾಂಗ್ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರದ ಅಧ್ಯಾಪಕರು. ಪಕ್ಕದ ಜೋಬ್ರಾ ಎಂಬ ಹಳ್ಳಿಗೆ ತಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದರು. ಅಲ್ಲಿ ಬಿದಿರಿನ ಸ್ಟೂಲು ಹೆಣೆಯುವ ಒಬ್ಬ ಹೆಂಗಸು ಬಿದಿರಿಗೆಂದು ವ್ಯಾಪಾರಿಯಿಂದ 5 ಟಾಕಾ ಸಾಲ ಪಡೆದು, ಸಂಜೆ ಅವನಿಗೇ ಸ್ಟೂಲು ಒಪ್ಪಿಸಬೇಕಿತ್ತು. ದಿನವಿಡೀ ದುಡಿದರೆ ಉಳಿಯುವುದು 50 ಪೈಸೆ. ಇಂಥವರು ಎಷ್ಟು ಮಂದಿ ಇದ್ದಾರೆಂದು ಒಬ್ಬ ವಿದ್ಯಾರ್ಥಿನಿಯಿಂದ ಪಟ್ಟಿ ಮಾಡಿಸಿದರು. 42 ಜನ, ಎಲ್ಲರ ಸಾಲ ಸೇರಿ ಕೇವಲ 856 ಟಾಕಾ! ಯೂನುಸ್ ತಮ್ಮ ಕಿಸೆಯಿಂದ ಅಷ್ಟನ್ನೂ ಕೊಟ್ಟು, ಆದಾಗ ಹಿಂತಿರುಗಿಸಿ, ಬಡ್ಡಿ ಬೇಡ ಎಂದರು.

ಆ ಊರಿನ ಹೆಂಗಸರು ಪರದೆಯವರು, ಪರಪುರುಷರ ಮುಂದೆ ಬಂದು ಮಾತಾಡುವವರಲ್ಲ. ಮೇಷ್ಟ್ರು ಅಂಗಳದಲ್ಲೇ ನಿಲ್ತಿದ್ದರು, ವಿದ್ಯಾರ್ಥಿನಿಯರು ಒಳಗೆ ಹೋಗಿ ಮಾತಾಡಿ ಬರ್ತಿದ್ದರು. ಹೆಣ್ಣುಮಕ್ಕಳು ಇಲ್ಲದಿದ್ದರೆ ಆ ಕೆಲಸ ಹೊಸಿಲು ದಾಟುತ್ತಲೇ ಇರಲಿಲ್ಲ. ಹಾಗೆ ಹುಟ್ಟಿದ್ದೇ 1983ರಲ್ಲಿ ಬ್ಯಾಂಕ್ ಆದ ಗ್ರಾಮೀಣ್ ಬ್ಯಾಂಕ್. 2006ರಲ್ಲಿ ಅದಕ್ಕೂ ಯೂನುಸ್ ಅವರಿಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಬ್ಯಾಂಕ್ ಆದ ಮೇಲೆ ಅದು ಬಡ್ಡಿ ಪಡೆಯುತ್ತದೆ. ಬಡ್ಡಿ ನಮಗೆ ಹರಾಮ್, ಆ ಭಾಗ ನಮಗೆ ಬೇಡ. ಆದರೆ ಜೋಬ್ರಾದ ಮೊದಲ ದಿನದ ಆ 856 ಟಾಕಾ ಇದೆಯಲ್ಲ, ಅದು ನಾವು ‘ಕರ್ಝ್ ಹಸನ್’ ಎನ್ನುವ ಬಡ್ಡಿರಹಿತ ಸಾಲವೇ. ಅದನ್ನು ಕಲಿಯಲು ಅಡ್ಡಿ ಏನಿಲ್ಲ.

ಈಗ ನಮ್ಮ ಊರಿಗೆ ಬರುವ. ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಉಮ್ಮಂದಿರು ನಮ್ಮಲ್ಲಿ ಎಷ್ಟಿಲ್ಲ! ಎಲೆ ಅವರದಲ್ಲ, ಹೊಗೆಸೊಪ್ಪು ಅವರದಲ್ಲ, ಸಾವಿರಕ್ಕೆ ಇಷ್ಟು ಎಂಬ ಮಜೂರಿ ಮಾತ್ರ ಅವರದು. ಜೋಬ್ರಾದ ಆ ಹೆಂಗಸಿನ ಸ್ಥಿತಿಗೂ ಇದಕ್ಕೂ ಹೆಚ್ಚು ದೂರವಿಲ್ಲ. ಕೈಯಲ್ಲಿ ಕಸುಬಿದೆ, ಬಂಡವಾಳ ಇಲ್ಲ, ಮಾರುಕಟ್ಟೆ ಗೊತ್ತಿಲ್ಲ.

ಹಾಗಾಗಿ ನಮ್ಮ ವಿದ್ಯಾರ್ಥಿಗಳು ಮಾಡಬೇಕಾದ ಮೊದಲ ಕೆಲಸ ಪಟ್ಟಿ. ‘ನಿಮಗೆ ಏನು ಬೇಕು’ ಎಂದು ಕೇಳುವ ಪಟ್ಟಿಯಲ್ಲ, ‘ನಿಮಗೆ ಏನು ಬರ್ತದೆ’ ಎಂದು ಕೇಳುವ ಪಟ್ಟಿ. ಹೊಲಿಗೆ ಯಾರಿಗೆ ಬರ್ತದೆ, ಪತ್ತಿರ್ ಯಾರ ಮನೆಯದ್ದು ಚೆಂದ, ಉಪ್ಪಿನಕಾಯಿ ಯಾರು ಹಾಕ್ತಾರೆ. ಒಳಗೆ ಹೋಗಿ ಕೇಳಲು ನಮ್ಮ ಹೆಣ್ಣುಮಕ್ಕಳಿದ್ದಾರೆ. ಮನೆಯಲ್ಲಿ ತಿಂಡಿ ಮಾಡಿ ಮಾರುವವರಿಗೂ ಆಹಾರ ಸುರಕ್ಷತಾ ನೋಂದಣಿ ಬೇಕು. ಆ ಅರ್ಜಿಯನ್ನು ಮೊಬೈಲಲ್ಲಿ ತುಂಬಿಸಿಕೊಡುವುದು ಒಂದು ಕಿಟ್ಟಿಗಿಂತ ಕಡಿಮೆ ಸೇವೆಯಲ್ಲ.

ಎರಡನೆಯದು, ಊರಿಗೂ ಉಪಕಾರ ಆಗುವ ಉದ್ಯಮ. 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ರಾಶಿ ಕುಸಿದು ಮಂದಾರದ ಅಡಿಕೆ ತೋಟ, ಮನೆಗಳ ಮೇಲೆ ಬಂತು. ಹಲವು ಕುಟುಂಬಗಳು ಮನೆ ಬಿಡಬೇಕಾಯ್ತು. ಮಂಗಳೂರಿನ ಕಸವೆಲ್ಲ ಹೋಗಿ ಬೀಳುವ ಜಾಗ ಅದು. ನಮ್ಮ ಮದುವೆ, ವಲೀಮಾ, ಇಫ್ತಾರ್ ಕೂಟಗಳ ತಟ್ಟೆ ಲೋಟಗಳೂ ಅಂಥ ರಾಶಿಗೇ ಹೋಗುವುದು. ಹತ್ತು ವಿದ್ಯಾರ್ಥಿಗಳು ಸೇರಿ ಸ್ಟೀಲ್ ತಟ್ಟೆ, ಲೋಟ ಕೊಂಡು ಬಾಡಿಗೆಗೆ ಕೊಟ್ಟರೆ ಹೇಗೆ? ತೊಳೆಯುವ ಹೆಂಗಸರಿಗೆ ಕೂಲಿ ಸಿಗ್ತದೆ, ಕಸ ಕಡಿಮೆಯಾಗ್ತದೆ, ಉಳಿದ ದುಡ್ಡಲ್ಲಿ ಇನ್ನೊಬ್ಬರಿಗೆ ಹೊಲಿಗೆ ಯಂತ್ರ ಬರ್ತದೆ. ಆ ಯಂತ್ರದಲ್ಲಿ ಬಟ್ಟೆ ಚೀಲ ಹೊಲಿದರೆ ಕೊಳ್ಳಲು ನಮ್ಮದೇ ಅಂಗಡಿಗಳಿವೆ. ವಿಶ್ವಸಂಸ್ಥೆ 2015ರಲ್ಲಿ ಸುಸ್ಥಿರ ಅಭಿವೃದ್ಧಿಗೆ 17 ಗುರಿಗಳನ್ನು ಇಟ್ಟಿತು, ಮೊದಲನೆಯದೇ ಬಡತನ ನಿವಾರಣೆ. ಕಾಗದದ ಮೇಲೆ ದೊಡ್ಡ ಮಾತು, ಊರಲ್ಲಿ ಅದು ಒಂದು ಸ್ಟೀಲ್ ತಟ್ಟೆಯಿಂದ ಶುರುವಾಗಬಹುದು.

ಮೂರನೆಯದು ಲೆಕ್ಕ. ಕುರ್‌ಆನಿನ ಅತಿ ದೀರ್ಘ ಆಯತ್ ಸಾಲವನ್ನು ಬರೆದಿಡುವ ಬಗ್ಗೆಯೇ ಇದೆ. ಬಂದದ್ದು, ಕೊಟ್ಟದ್ದು, ಹಿಂತಿರುಗಿದ್ದು ಎಲ್ಲ ಬರೆದು ಜಮಾಅತ್ ಕಮಿಟಿಗೆ ಒಪ್ಪಿಸಬೇಕು. ಆದರೆ ಸಾಲ ಪಡೆದವರ ಹೆಸರು ನೋಟೀಸ್ ಬೋರ್ಡಿಗೆ ಹೋಗಬಾರದು, ತಟ್ಟೆಯ ಬಾಡಿಗೆ ಹಿಡಿದು ನಿಂತ ಫೋಟೋ ಸ್ಟೇಟಸ್ಸಿಗೂ ಹೋಗಬಾರದು. ಅವರು ಬೇಡುವವರಲ್ಲ, ವ್ಯಾಪಾರದ ಪಾಲುದಾರರು.

ಒಂದು ತೊಡಕು ಇದೆ. ವಿದ್ಯಾರ್ಥಿಗಳು ಪರೀಕ್ಷೆ ಮುಗಿಸಿ ಬೆಂಗಳೂರಿಗೋ ಗಲ್ಫಿಗೋ ಹೋಗ್ತಾರೆ, ಕೆಲಸ ಅಲ್ಲಿಗೇ ನಿಲ್ತದೆ. ಅದಕ್ಕೇ ಶುರುವಿನಿಂದಲೇ ಅದನ್ನು ದುಡಿಯುವ ಹೆಂಗಸರ ಹೆಸರಲ್ಲೇ ಬೆಳೆಸಬೇಕು. ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಒಬ್ಬ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆಯಂತೆ 2 ವರ್ಷ ಸೇವೆ ಕೊಡ್ತಾನೆ. ಅಷ್ಟು ಗಂಟೆ ಒಂದೇ ಮೊಹಲ್ಲಾದ ನಾಲ್ಕು ಮನೆಗಳಿಗೆ ಸಿಕ್ಕರೆ ಸಾಲದೇ?

ತುಳುವಿನ ‘ಬ್ಯಾರ’, ಅಂದರೆ ವ್ಯಾಪಾರ ಎಂಬ ಮಾತಿನಿಂದಲೇ ನಮಗೆ ಬ್ಯಾರಿ ಎಂಬ ಹೆಸರು ಬಂತು ಎಂದು ಹಿರಿಯರು ಹೇಳ್ತಾರೆ. ವ್ಯಾಪಾರ ನಮ್ಮ ರಕ್ತದಲ್ಲಿದೆ, ಸೇವೆ ನಮ್ಮ ದೀನಿನಲ್ಲಿದೆ. ಎರಡನ್ನೂ ಜೋಡಿಸುವ ಕೆಲಸ ನಮ್ಮ ಮಕ್ಕಳದ್ದು. ಅವರು ಇಂಥ ಯೋಚನೆ ಹಿಡಿದು ಕಮಿಟಿಯ ಮುಂದೆ ಬಂದಾಗ, ‘ಮೊದಲು ಓದಿ’ ಎಂದು ಹಿಂದೆ ಕಳಿಸದೆ ಮೊದಲ ಹತ್ತು ತಟ್ಟೆಯ ದುಡ್ಡು ಕೊಡುವುದು ಹಿರಿಯರಾದ ನಮ್ಮ ಪಾಲಿನ ಕೆಲಸ.